ವೇಗದ ಅಂಚಿನಲ್ಲಿ ವಿಶ್ವಾಸ



ಬ್ರೆಜಿಲ್ ದೇಶದ ಸಾವೊ ಪೌಲೊ ನಗರದಲ್ಲಿ ಮೊರುಂಬಿ ಎಂಬ ಸಮಾಧಿಭೂಮಿಯಿದೆ. ನಮ್ಮ ದೇವಾಲಯಗಳ ಹಿಂಭಾಗದಲ್ಲಿ ಕಾಣುವಂತೆ ಅಲ್ಲಿ ಸಾಲುಸಾಲಾಗಿ ಎದ್ದುನಿಂತ ಶಿಲುಬೆಗಳಿಲ್ಲ. ವಿಶಾಲವಾದ ಹುಲ್ಲುಹಾಸು, ಅದರಲ್ಲಿ ನೆಲಮಟ್ಟಕ್ಕೆ ಹುದುಗಿಸಿದ ಚಿಕ್ಕ ಚಿಕ್ಕ ಫಲಕಗಳು, ಅಷ್ಟೇ. ಅಂಥದ್ದೊಂದು ಫಲಕದ ಮೇಲೆ ಐರ್ಟನ್ ಸೆನ್ನಾ ಎಂಬ ಹೆಸರು, 21 ಮಾರ್ಚ್ 1960 ಮತ್ತು 1 ಮೇ 1994 ಎಂಬ ಎರಡು ದಿನಾಂಕಗಳು, ಅವುಗಳ ಜೊತೆಗೆ ಪೋರ್ಚುಗೀಸ್ ಭಾಷೆಯ ಒಂದೇ ಒಂದು ಸಾಲು. ದೇವರ ಪ್ರೀತಿಯಿಂದ ತನ್ನನ್ನು ಯಾವುದೂ ಅಗಲಿಸಲಾರದು ಎಂಬುದು ಅದರ ತಾತ್ಪರ್ಯ. ಸಂತ ಪೌಲರು ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದ ಕೊನೆಯಿಂದ ಹುಟ್ಟಿದ ಸಾಲದು.

ಮೂರು ಬಾರಿ ಫಾರ್ಮುಲಾ ಒನ್ ವಿಶ್ವ ಪ್ರಶಸ್ತಿಯನ್ನೂ 41 ಪಂದ್ಯಗಳನ್ನೂ ಗೆದ್ದು, 34ನೆಯ ವಯಸ್ಸಿನಲ್ಲಿ ಕಾಂಕ್ರೀಟು ಗೋಡೆಗೆ ಅಪ್ಪಳಿಸಿ ಮಡಿದ ಮನುಷ್ಯನ ಸಮಾಧಿಯ ಮೇಲೆ ಈ ಮಾತೇಕೆ? ಗುರುವಾದ ನನಗೆ ಮೋಟಾರು ಪಂದ್ಯದ ಉಸಾಬರಿಯೇಕೆ ಎಂದೂ ನೀವು ಕೇಳಬಹುದು. ಕಾರಣವಿಷ್ಟೆ. ಧರ್ಮಕೇಂದ್ರದಲ್ಲಿ ಸೇವೆ ಸಲ್ಲಿಸಿದ ಪ್ರತಿಯೊಬ್ಬ ಗುರುವಿನ ಬಳಿಗೂ ಹೊಸ ಬೈಕು ಕೊಂಡ ಯುವಕರು ಬರುತ್ತಾರೆ. ಪವಿತ್ರ ಜಲವನ್ನು ಚಿಮುಕಿಸಿ ಪ್ರಾರ್ಥಿಸಿದ ಮೇಲೆ ಹಾಗೆ ಬಂದ ಒಬ್ಬ ಹುಡುಗ ನನ್ನನ್ನು ಕೇಳಿದ: "ಫಾದರ್, ಇನ್ನು ಏನೂ ಆಗುವುದಿಲ್ಲ ಅಲ್ಲವೇ?" "ಹೆಲ್ಮೆಟ್ ಹಾಕಿಕೋ" ಎಂದು ನಕ್ಕು ಕಳುಹಿಸಿದೆ. ಆದರೆ ಆ ಪ್ರಶ್ನೆ ನಗುವಂಥದ್ದಾಗಿರಲಿಲ್ಲ. ವಿಶ್ವಾಸವು ನಮಗೆ ಏನನ್ನು ವಾಗ್ದಾನ ಮಾಡುತ್ತದೆ, ಏನನ್ನು ಮಾಡುವುದಿಲ್ಲ ಎಂಬುದೇ ಅವನು ಕೇಳಿದ ವಿಷಯ. ಸಾವನ್ನು ಪ್ರತಿ ಭಾನುವಾರ ಪಕ್ಕದಲ್ಲಿ ಕೂರಿಸಿಕೊಂಡು ಹೊರಡುತ್ತಿದ್ದವರ ಚರಿತ್ರೆಯಲ್ಲಿ ಇದಕ್ಕೆ ಉತ್ತರ ಹುಡುಕುವುದು ವಿಚಿತ್ರವೇನಲ್ಲ.

ಮೊದಲು ನಮ್ಮ ಧರ್ಮಸಭೆಯ ಕಡೆಯಿಂದಲೇ ಆರಂಭಿಸೋಣ. ಐವತ್ತರ ದಶಕದಲ್ಲಿ ಯುರೋಪಿನ ಮೋಟಾರು ಪಂದ್ಯಗಳು ಕಸಾಯಿಖಾನೆಗೆ ಸಮೀಪದ ಸ್ಥಿತಿಯಲ್ಲಿದ್ದವು. 1955ರ ಜೂನ್ 11ರಂದು ಫ್ರಾನ್ಸಿನ ಲ ಮಾನ್‌ನಲ್ಲಿ ಒಂದು ಕಾರು ಸಿಡಿದು ಪ್ರೇಕ್ಷಕರ ಮೇಲೆ ಬಿದ್ದಾಗ ಸತ್ತವರು 80ಕ್ಕೂ ಹೆಚ್ಚು ಮಂದಿ. 1957ರ ಮೇ 12ರಂದು ಇಟಲಿಯ ಸಾರ್ವಜನಿಕ ರಸ್ತೆಗಳಲ್ಲೇ ನಡೆಯುತ್ತಿದ್ದ 'ಮಿಲ್ಲೆ ಮಿಲಿಯಾ' ಪಂದ್ಯದಲ್ಲಿ, ಗುಯಿದಿತ್ಸೊಲೊ ಊರಿನ ಬಳಿ, ಸ್ಪೇನಿನ ಅಲ್ಫೋನ್ಸೊ ದ ಪೋರ್ತಾಗೊ ಓಡಿಸುತ್ತಿದ್ದ ಫೆರಾರಿ ಕಾರಿನ ಟೈರು ಸಿಡಿಯಿತು. ಅವನೂ ಅವನ ಜೊತೆಗಾರನೂ ರಸ್ತೆಬದಿಯಲ್ಲಿ ನೋಡುತ್ತ ನಿಂತಿದ್ದ ಒಂಬತ್ತು ಜನರೂ ಸತ್ತರು. ಆ ಒಂಬತ್ತರಲ್ಲಿ ಐವರು ಮಕ್ಕಳು. ಆ ಪಂದ್ಯ ಮತ್ತೆ ಆ ರೂಪದಲ್ಲಿ ನಡೆಯಲಿಲ್ಲ. ಕಾರು ತಯಾರಿಸಿದ ಎಂಜೊ ಫೆರಾರಿಯ ಮೇಲೆ ನರಹತ್ಯೆಯ ಮೊಕದ್ದಮೆ ಹೂಡಲಾಯಿತು. ನ್ಯಾಯಾಲಯ ಅವರನ್ನು ನಿರ್ದೋಷಿಯೆಂದು ಬಿಡುಗಡೆ ಮಾಡಿದ್ದು 1961ರಲ್ಲಿ. ಈ ನಡುವೆ 1958ರ ಜುಲೈನಲ್ಲಿ ಅವರ ಇನ್ನೊಬ್ಬ ಚಾಲಕ ಲುಯಿಜಿ ಮುಸ್ಸೊ ಫ್ರಾನ್ಸಿನಲ್ಲಿ ಸತ್ತಾಗ, ವ್ಯಾಟಿಕನ್ನಿನ ದಿನಪತ್ರಿಕೆ 'ಲೊಸ್ಸೆರ್ವತೋರೆ ರೊಮಾನೊ' ಫೆರಾರಿಯನ್ನು ತನ್ನ ಮಕ್ಕಳನ್ನೇ ನುಂಗಿದ ಪುರಾಣದ ಶನಿದೇವತೆಗೆ ಹೋಲಿಸಿ ಬರೆಯಿತು.

ಇದಾಗಿ ಮೂವತ್ತು ವರ್ಷಕ್ಕೆ, 1988ರ ಜೂನ್ 4ರಂದು, ಜಗದ್ಗುರು ದ್ವಿತೀಯ ಜಾನ್ ಪೌಲರು ಅದೇ ಫೆರಾರಿಯ ಊರಿಗೆ ಭೇಟಿಯಿತ್ತರು. ಫಿಯೊರಾನೊದ ಪರೀಕ್ಷಾ ಪಥದಲ್ಲಿ ತೆರೆದ ಕೆಂಪು ಕಾರಿನಲ್ಲಿ ನಿಂತು ಜನರನ್ನು ಆಶೀರ್ವದಿಸಿದರು. ತೊಂಬತ್ತರ ವಯಸ್ಸಿನ ಎಂಜೊ ಫೆರಾರಿ ಹಾಸಿಗೆ ಹಿಡಿದಿದ್ದರಿಂದ ಎದುರು ಬರಲಾಗದೆ ದೂರವಾಣಿಯಲ್ಲಿ ಜಗದ್ಗುರುಗಳೊಡನೆ ಮಾತಾಡಿದರು. ಆಗಸ್ಟ್ 14ರಂದು ತೀರಿಕೊಂಡರು. ಧರ್ಮಸಭೆ ತನ್ನ ಮಾತನ್ನು ಬದಲಿಸಿತೇ ಎಂದು ಕೆಲವರು ಕುಹಕವಾಡುವುದುಂಟು. ನನಗೆ ಹಾಗೆ ತೋರುವುದಿಲ್ಲ. 1958ರಲ್ಲಿ ಪತ್ರಿಕೆ ಖಂಡಿಸಿದ್ದು ಮನುಷ್ಯಜೀವವನ್ನು ಅಗ್ಗವಾಗಿ ಕಾಣುವ ವ್ಯವಸ್ಥೆಯನ್ನು. 1988ರಲ್ಲಿ ಜಗದ್ಗುರುಗಳು ಕೈಯೆತ್ತಿ ಆಶೀರ್ವದಿಸಿದ್ದು ಅಲ್ಲಿ ದುಡಿಯುವ ಕಾರ್ಮಿಕರನ್ನು, ಅವರ ಮನೆಮಂದಿಯನ್ನು. ಅದೇ ಜಗದ್ಗುರುಗಳು 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 2290ನೆಯ ಪರಿಚ್ಛೇದವು, ವೇಗದ ಮೋಹದಿಂದ ತನ್ನ ಹಾಗೂ ಪರರ ಜೀವಕ್ಕೆ ಅಪಾಯ ತರುವವರು ಗಂಭೀರ ದೋಷಕ್ಕೆ ಗುರಿಯಾಗುತ್ತಾರೆಂದು ಕುಡುಕತನದ ಜೊತೆಯಲ್ಲೇ ಹೇಳುತ್ತದೆ. ಆದರೂ ಎರಡರ ನಡುವೆ ಒಂದು ಬಿಗಿತ ಇದ್ದೇ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ.

ಪತ್ರಿಕೆಗಳಲ್ಲಿ ವಾದ ನಡೆಯುತ್ತಿದ್ದಾಗ ಆಸ್ಪತ್ರೆಗಳಲ್ಲಿ ಏನು ನಡೆಯುತ್ತಿತ್ತು? ಇಲ್ಲಿ ಆಸ್ಟ್ರಿಯ ದೇಶದ ನಿಕಿ ಲೌಡಾ ಎಂಬಾತನ ಪ್ರಸಂಗವನ್ನು ಹೇಳದೆ ಮುಂದುವರಿಯಲಾರೆ, ಏಕೆಂದರೆ ಅದು ನನ್ನಂಥ ಗುರುಗಳನ್ನು ಚುಚ್ಚುವ ಪ್ರಸಂಗ. 1976ರ ಆಗಸ್ಟ್ 1ರಂದು ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಪಥದಲ್ಲಿ ಅವನ ಕಾರು ಬೆಂಕಿಗಾಹುತಿಯಾಯಿತು. ಹಿಂದೆ ಬರುತ್ತಿದ್ದ ನಾಲ್ವರು ಚಾಲಕರು ತಮ್ಮ ಪಂದ್ಯವನ್ನು ಬಿಟ್ಟು ಬೆಂಕಿಯೊಳಗೆ ಕೈಹಾಕಿ ಅವನನ್ನು ಎಳೆದು ತೆಗೆದರು. ಮುಖ ಸುಟ್ಟಿತ್ತು, ವಿಷಗಾಳಿಯಿಂದ ಶ್ವಾಸಕೋಶಗಳು ಕೆಟ್ಟಿದ್ದವು. ಮಾನ್‌ಹೈಮ್ ನಗರದ ಆಸ್ಪತ್ರೆಯಲ್ಲಿ ದಾದಿಯೊಬ್ಬರು ಗುರುಗಳನ್ನು ಕರೆಸಲೇ ಎಂದು ಕೇಳಿದಾಗ ಅವನು ಒಪ್ಪಿದ. ಗುರುಗಳು ಬಂದರು, ಅಭ್ಯಂಗನ ಸಂಸ್ಕಾರವನ್ನು ನೆರವೇರಿಸಿದರು, ಅವನೊಡನೆ ಒಂದು ಮಾತನ್ನೂ ಆಡದೆ ಹೊರಟುಹೋದರು. ಧೈರ್ಯದ ಒಂದು ನುಡಿಯನ್ನಾದರೂ ನಿರೀಕ್ಷಿಸಿದ್ದ ತನಗೆ ಅದರಿಂದ ಸಿಟ್ಟೇ ಬಂತು, ಹೇಗಾದರೂ ಬದುಕಲೇಬೇಕೆಂಬ ಹಟ ಹುಟ್ಟಿತು ಎಂದು ಲೌಡಾ ಮುಂದೆ ಹಲವು ಬಾರಿ ನೆನೆದುಕೊಂಡ.

ಗಮನಿಸಿ, ಇದು ನಡೆದದ್ದು 1976ರಲ್ಲಿ. ಈ ಸಂಸ್ಕಾರವನ್ನು ಸಾವಿನಂಚಿನವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಇದು ರೋಗಿಗಳ ಅಭ್ಯಂಗನ ಎಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಹೇಳಿತ್ತು. ಜಗದ್ಗುರು ಆರನೆಯ ಪೌಲರು 1972ರಲ್ಲಿ ಅದರ ವಿಧಿಯನ್ನೇ ಪರಿಷ್ಕರಿಸಿ, ರೋಗಿಯನ್ನು ಪ್ರಭು ಉದ್ಧರಿಸಿ ಎಬ್ಬಿಸಲಿ ಎಂಬ ಆಶಯವನ್ನು ಪ್ರಾರ್ಥನೆಯ ನಡುವಿಗೆ ತಂದಿದ್ದರು. ನಾಲ್ಕು ವರ್ಷಗಳಾದರೂ ಮಾನ್‌ಹೈಮ್‌ನ ಆ ಕೋಣೆಯಲ್ಲಿ ಅದು ಬೀಳ್ಕೊಡುಗೆಯಾಗಿಯೇ ಉಳಿದಿತ್ತು. ನಮ್ಮಲ್ಲಾದರೂ ಏನು? "ಈಗಲೇ ಬೇಡ ಫಾದರ್, ನಿಮ್ಮನ್ನು ನೋಡಿದರೆ ಅಪ್ಪ ಹೆದರಿಕೊಳ್ಳುತ್ತಾರೆ" ಎಂದು ಆಸ್ಪತ್ರೆಯ ಬಾಗಿಲಲ್ಲೇ ತಡೆದವರನ್ನು ನಾನು ಎಷ್ಟು ಸಲ ಕಂಡಿಲ್ಲ! ಹೆದರಿಕೆಗೆ ಕಾರಣ ಅವರಲ್ಲ, ನಾವೇ ಕಲಿಸಿದ್ದು.

ಲೌಡಾ 42 ದಿನಗಳ ಬಳಿಕ, ಗಾಯಗಳು ಮಾಯುವ ಮೊದಲೇ, ಇಟಲಿಯ ಮೊನ್ಜಾ ಪಂದ್ಯದಲ್ಲಿ ಕಾರನ್ನೇರಿ ನಾಲ್ಕನೆಯವನಾಗಿ ಬಂದ. ಲೋಕವೆಲ್ಲ ಕೊಂಡಾಡುವುದು ಈ ಧೈರ್ಯವನ್ನು. ನನಗಾದರೋ ಅದೇ ವರ್ಷದ ಅಕ್ಟೋಬರ್ 24ರ ಸಂಗತಿಯೇ ದೊಡ್ಡದು. ಜಪಾನಿನ ಫುಜಿಯಲ್ಲಿ ಕೊನೆಯ ಪಂದ್ಯ. ಜಡಿಮಳೆ, ಕಣ್ಣಿಗೆ ದಾರಿ ಕಾಣದು. ಎರಡೇ ಸುತ್ತುಗಳ ನಂತರ ಲೌಡಾ ಕಾರನ್ನು ನಿಲ್ಲಿಸಿ ಇಳಿದುಬಿಟ್ಟ. ಇದರಲ್ಲಿ ಓಡಿಸುವುದು ಹುಚ್ಚುತನ ಎಂದ. ಒಂದೇ ಒಂದು ಅಂಕದಿಂದ ವಿಶ್ವ ಪ್ರಶಸ್ತಿ ಜೇಮ್ಸ್ ಹಂಟ್ ಪಾಲಾಯಿತು. ಲೌಡಾ ಭಕ್ತನೆಂದು ಹೆಸರಾದವನಲ್ಲ. ಆದರೂ ದೇವರು ಕೊಟ್ಟ ಜೀವವನ್ನು ಒಂದು ಪದಕಕ್ಕಿಂತ ಮಿಗಿಲೆಂದು ಆ ದಿನ ಒಪ್ಪಿಕೊಂಡವನು ಅವನೇ. 2019ರ ಮೇ ತಿಂಗಳಲ್ಲಿ ಅವನು ತೀರಿಕೊಂಡಾಗ ವಿಯೆನ್ನಾದ ಸಂತ ಸ್ತೇಫನರ ಪ್ರಧಾನಾಲಯದಲ್ಲಿ ಶವಪೆಟ್ಟಿಗೆಯನ್ನಿರಿಸಿ ಬಲಿಪೂಜೆ ಅರ್ಪಿಸಲಾಯಿತು.

ಈಗ ಮೊರುಂಬಿಯ ಫಲಕಕ್ಕೆ ಹಿಂದಿರುಗೋಣ. ಸೆನ್ನಾ ಕಥೋಲಿಕ ಕುಟುಂಬದಲ್ಲಿ ಹುಟ್ಟಿದವನು. ಲೌಡಾನಂತಲ್ಲದೆ ದೇವರ ಬಗ್ಗೆ ಬಹಿರಂಗವಾಗಿ, ನಾಚಿಕೆಯಿಲ್ಲದೆ ಮಾತಾಡುತ್ತಿದ್ದವನು. ಪಂದ್ಯದಿಂದ ಪಂದ್ಯಕ್ಕೆ ಹಾರುವ ವಿಮಾನದಲ್ಲಿ ಬೈಬಲ್ ಓದುತ್ತಿದ್ದ. 1988ರ ಮೇ ತಿಂಗಳಲ್ಲಿ ಮೊನಾಕೊದ ಅರ್ಹತಾ ಸುತ್ತಿನಲ್ಲಿ ತನ್ನ ತಂಡದವನೇ ಆದ ಅಲೆನ್ ಪ್ರಾಸ್ಟ್‌ಗಿಂತ 1.4 ಸೆಕೆಂಡು ಹೆಚ್ಚು ಚುರುಕಾಗಿ ಓಡಿಸಿದ. ಆ ಕ್ರೀಡೆಯಲ್ಲಿ ಇದು ಅಗಾಧವಾದ ಅಂತರ. ಆ ಹೊತ್ತು ತಾನು ಪ್ರಜ್ಞೆಯ ಆಚೆಗೆ ಸಾಗಿದಂತೆ ಭಾಸವಾಗಿ ಹೆದರಿ ಹಿಂದಿರುಗಿದೆನೆಂದು ಆತನೇ ಹೇಳಿಕೊಂಡ. ಮರುದಿನದ ಪಂದ್ಯದಲ್ಲಿ ಬಹುದೂರ ಮುಂದಿದ್ದವನು ಒಂದು ಕ್ಷಣದ ಅಜಾಗರೂಕತೆಯಿಂದ ತಡೆಗೋಡೆಗೆ ಗುದ್ದಿ ಎಲ್ಲವನ್ನೂ ಕಳೆದುಕೊಂಡ. ತನ್ನನ್ನು ದೇವರ ಕಡೆಗೆ ಇನ್ನಷ್ಟು ತಿರುಗಿಸಿದ್ದು ಆ ಸೋಲು ಎಂಬುದು ಆತನ ಮಾತು. ಅದೇ ಅಕ್ಟೋಬರ್ 30ರಂದು ಜಪಾನಿನ ಸುಜುಕಾದಲ್ಲಿ, ಹೊರಡುವಾಗಲೇ ಎಂಜಿನ್ನು ನಿಂತು ಹಿಂದುಳಿದರೂ ಹನ್ನೆರಡಕ್ಕೂ ಹೆಚ್ಚು ಕಾರುಗಳನ್ನು ದಾಟಿ ಗೆದ್ದು ಮೊದಲ ವಿಶ್ವ ಪ್ರಶಸ್ತಿ ಪಡೆದಾಗ, ದೇವರ ಸಾನ್ನಿಧ್ಯವನ್ನು ಅನುಭವಿಸಿದೆನೆಂದು ಸಾರಿದ.

ಕ್ರೈಸ್ತ ಕರಪತ್ರಗಳಲ್ಲಿ ಸೆನ್ನಾನ ಕಥೆ ಸಾಮಾನ್ಯವಾಗಿ ಇಲ್ಲಿಂದ ನೇರವಾಗಿ ಸಮಾಧಿಯ ಸಾಲಿಗೆ ಜಿಗಿಯುತ್ತದೆ. ನಡುವಿನ ಪುಟಗಳನ್ನು ಹಾರಿಸುವುದು ಪ್ರಾಮಾಣಿಕತೆಯಲ್ಲ. ಐರ್ಟನ್‌ಗೆ ಒಂದು ಚಿಕ್ಕ ತೊಂದರೆಯಿದೆ, ದೇವರನ್ನು ನಂಬಿರುವುದರಿಂದ ತಾನು ಸಾಯಲಾರೆನೆಂದು ತಿಳಿದಿದ್ದಾನೆ, ಇದು ಉಳಿದ ಚಾಲಕರಿಗೆ ಅಪಾಯ ಎಂದು ಪ್ರಾಸ್ಟ್ ಬಹಿರಂಗವಾಗಿ ಟೀಕಿಸಿದ. ಸೆನ್ನಾ ಇದರಿಂದ ನೊಂದುಕೊಂಡ. ದೇವರಲ್ಲಿ ವಿಶ್ವಾಸವಿದ್ದ ಮಾತ್ರಕ್ಕೆ ತಾನೇನೂ ಅಮರನಲ್ಲ, ಗಾಯದ ಭಯ ತನಗೂ ಇದೆ ಎಂದು ಉತ್ತರಿಸಿದ. ಯಾರು ಸರಿ? 1990ರ ಅಕ್ಟೋಬರ್ 21ರಂದು ಅದೇ ಸುಜುಕಾದಲ್ಲಿ, ಪಂದ್ಯದ ಮೊದಲ ತಿರುವಿನಲ್ಲೇ, ಗಂಟೆಗೆ 200 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಸೆನ್ನಾನ ಕಾರು ಪ್ರಾಸ್ಟ್‌ನ ಕಾರಿಗೆ ಡಿಕ್ಕಿ ಹೊಡೆಯಿತು. ಇಬ್ಬರೂ ಹೊರಬಿದ್ದರು, ಆ ಲೆಕ್ಕದಲ್ಲಿ ಪ್ರಶಸ್ತಿ ಸೆನ್ನಾನಿಗೆ ಬಂತು. ಅದು ಆಕಸ್ಮಿಕವಲ್ಲ, ದಾರಿ ಬಿಡಬಾರದೆಂದು ಮೊದಲೇ ನಿರ್ಧರಿಸಿದ್ದೆ ಎಂದು ಆತನೇ ಮರುವರ್ಷ ಒಪ್ಪಿಕೊಂಡ. ಅಧಿಕಾರಿಗಳಿಂದ ತನಗಾದ ಅನ್ಯಾಯವೇ ಅದಕ್ಕೆ ಕಾರಣ ಎಂದ. ಅನ್ಯಾಯ ಆಗಿದ್ದಿರಬಹುದು. ಆದರೆ ಹಿಂದೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಬರುತ್ತಿರುವಾಗ ಹಾಗೆ ಮಾಡಿದವನನ್ನು ನಾನು ಆ ದಿನದ ಮಟ್ಟಿಗೆ ಸಮರ್ಥಿಸಲಾರೆ.

ಶುಭಸಂದೇಶಕಾರ ಸಂತ ಮತ್ತಾಯರು ನಾಲ್ಕನೆಯ ಅಧ್ಯಾಯದಲ್ಲಿ ಒಂದು ದೃಶ್ಯವನ್ನು ಚಿತ್ರಿಸಿದ್ದಾರೆ. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು, ಇಲ್ಲಿಂದ ಧುಮುಕು, ದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು ಎನ್ನುತ್ತಾನೆ. ಅದಕ್ಕಾಗಿ ಪವಿತ್ರ ಗ್ರಂಥದ ಮಾತನ್ನೇ ಆಧಾರವಾಗಿ ತೋರಿಸುತ್ತಾನೆ! ದೇವರನ್ನು ಪರೀಕ್ಷೆಗೊಡ್ಡಬಾರದೆಂದು ಪ್ರಭು ಅದನ್ನು ತಳ್ಳಿಹಾಕುತ್ತಾರೆ. ನಂಬಿಕೆಗೂ ಈ ಧುಮುಕುವಿಕೆಗೂ ಹೊರನೋಟಕ್ಕೆ ವ್ಯತ್ಯಾಸ ಕಾಣಿಸದು. ಎರಡೂ ದೇವರ ಹೆಸರನ್ನೇ ಹೇಳುತ್ತವೆ.

ಆದರೆ ಸೆನ್ನಾನಲ್ಲಿ ಇನ್ನೊಂದು ಎಳೆಯೂ ಇತ್ತು, ಅದು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುತ್ತ ಹೋಯಿತು. ಸುಜುಕಾದ ಆ ಡಿಕ್ಕಿಗೆ ಕೆಲವೇ ವಾರಗಳ ಮುಂಚೆ, ಸ್ಪೇನಿನ ಹೆರೆಸ್‌ನಲ್ಲಿ ಮಾರ್ಟಿನ್ ಡೊನ್ನೆಲ್ಲಿ ಎಂಬ ಚಾಲಕ ಕಾರಿನಿಂದ ಹೊರಗೆಸೆಯಲ್ಪಟ್ಟು ಮುರಿದ ಗೊಂಬೆಯಂತೆ ಟ್ರ್ಯಾಕಿನ ಮೇಲೆ ಬಿದ್ದಿದ್ದಾಗ ಸೆನ್ನಾ ಅಲ್ಲಿಗೆ ಹೋಗಿ ನಿಂತು, ವೈದ್ಯರ ಕೆಲಸವನ್ನು ನೋಡಿದ್ದ. 1992ರ ಆಗಸ್ಟ್ 28ರಂದು ಬೆಲ್ಜಿಯಮ್ಮಿನ ಸ್ಪಾದಲ್ಲಿ ಫ್ರಾನ್ಸಿನ ಎರಿಕ್ ಕೊಮಾಸ್‌ನ ಕಾರು ಅಪ್ಪಳಿಸಿ, ಅವನು ಎಚ್ಚರ ತಪ್ಪಿ ಸೀಟಿನಲ್ಲೇ ಒರಗಿದ್ದ. ಕಾಲು ಪೆಡಲಿನ ಮೇಲೆ ಒತ್ತಿದಂತೆಯೇ ಇದ್ದು ಎಂಜಿನ್ನು ಭೋರ್ಗರೆಯುತ್ತಿತ್ತು. ಸೆನ್ನಾ ತನ್ನ ಕಾರನ್ನು ನಿಲ್ಲಿಸಿದ, ಇಳಿದ, ಉಳಿದ ಕಾರುಗಳು ಬರುತ್ತಿದ್ದ ಟ್ರ್ಯಾಕಿನಲ್ಲೇ ಓಡಿದ, ಕೈಚಾಚಿ ಎಂಜಿನ್ನನ್ನು ಆರಿಸಿದ, ವೈದ್ಯರು ಬರುವವರೆಗೆ ಅವನ ತಲೆಯನ್ನು ಅಲುಗದಂತೆ ಹಿಡಿದು ನಿಂತ. ಎರಡು ವರ್ಷದ ಹಿಂದೆ ಎದುರಾಳಿಯ ಮೇಲೆ ಬೇಕೆಂದೇ ಕಾರು ನುಗ್ಗಿಸಿದ್ದ ಮನುಷ್ಯನೇ ಇವನು. ಕ್ರೈಸ್ತ ಜೀವನದಲ್ಲಿ ಸ್ಥೈರ್ಯವೆಂದರೆ ಇದೇ ಇರಬಹುದೇನೋ ಎಂದು ನನಗೆ ಅನ್ನಿಸುವುದುಂಟು. ಒಂದೇ ಬಾರಿಗೆ ಒಳ್ಳೆಯವನಾಗಿಬಿಡುವುದು ನಮ್ಮ ಕೈಲಾಗದು. ಬಿದ್ದ ಮೇಲೂ ಅದೇ ದೇವರ ಕಡೆಗೆ ಮುಖ ಮಾಡಿ ನಡೆಯುವುದು ಮಾತ್ರ ಸಾಧ್ಯ. ಪಾಪನಿವೇದನೆಯ ಪೀಠದಲ್ಲಿ ಮೂವತ್ತು ವರ್ಷ ಕುಳಿತ ನನಗೆ ಇದಕ್ಕಿಂತ ಬೇರೆ ಬಗೆಯ ಸ್ಥೈರ್ಯ ಅಷ್ಟಾಗಿ ಕಂಡಿಲ್ಲ.

1994ರ ಏಪ್ರಿಲ್ ಕೊನೆಯ ವಾರಾಂತ್ಯ, ಇಟಲಿಯ ಇಮೊಲಾ. ಶುಕ್ರವಾರ ಬ್ರೆಜಿಲ್ಲಿನ ಯುವಕ ರೂಬೆನ್ಸ್ ಬ್ಯಾರಿಕೆಲ್ಲೊನ ಕಾರು ಮೇಲೆದ್ದು ಬಿತ್ತು. ಅವನು ಕಣ್ತೆರೆದಾಗ ಪಕ್ಕದಲ್ಲಿದ್ದವನು ಸೆನ್ನಾ. ಶನಿವಾರ ಆಸ್ಟ್ರಿಯದ ರೋಲಂಡ್ ರಾಟ್ಸೆನ್‌ಬರ್ಗರ್ ಗಂಟೆಗೆ 300 ಕಿಲೋಮೀಟರು ಮೀರಿದ ವೇಗದಲ್ಲಿ ಗೋಡೆಗೆ ಬಡಿದು ಸತ್ತ. ಸೆನ್ನಾ ಅಧಿಕೃತ ಕಾರೊಂದನ್ನು ಹಿಡಿದು ಆ ಸ್ಥಳಕ್ಕೆ ಹೋದ, ಆಮೇಲೆ ವೈದ್ಯಕೀಯ ಕೇಂದ್ರಕ್ಕೆ ಬಂದ, ಸುದ್ದಿ ಕೇಳಿ ವೈದ್ಯ ಸಿಡ್ ವಾಟ್ಕಿನ್ಸ್ ಅವರ ಹೆಗಲ ಮೇಲೆ ತಲೆಯಿಟ್ಟು ಅತ್ತ. ನೀನು ಮೂರು ಬಾರಿ ಗೆದ್ದವನು, ಇನ್ನು ಏನನ್ನು ಸಾಧಿಸಬೇಕಿದೆ, ಬಿಟ್ಟುಬಿಡು, ಇಬ್ಬರೂ ಮೀನು ಹಿಡಿಯಲು ಹೋಗೋಣ ಎಂದು ವಾಟ್ಕಿನ್ಸ್ ಅವನನ್ನು ಒತ್ತಾಯಿಸಿದರು. ಕೆಲವು ಸಂಗತಿಗಳು ನಮ್ಮ ಹಿಡಿತದಲ್ಲಿಲ್ಲ, ತಾನು ಬಿಡಲಾರೆ, ಮುಂದುವರಿಯಲೇಬೇಕು ಎಂದು ಸೆನ್ನಾ ಉತ್ತರಿಸಿದ. ಫುಜಿಯ ಮಳೆಯಲ್ಲಿ ಕಾರಿನಿಂದಿಳಿದ ಲೌಡಾನನ್ನು ಇಲ್ಲಿ ನೆನೆಯದೆ ಇರಲಾರೆವು. ಸೆನ್ನಾ ಇಳಿಯಬೇಕಿತ್ತೇ? ನಾನು ಆ ವೈದ್ಯರ ಪಕ್ಷ. ಆದರೆ ತೀರ್ಪು ಕೊಡುವ ಧೈರ್ಯ ನನಗಿಲ್ಲ.

ಭಾನುವಾರ ಬೆಳಿಗ್ಗೆ ಆತ ಬೈಬಲ್ ತೆರೆದು ಓದಿದನೆಂದೂ, ದೇವರು ತನಗೆ ಕೊಡುಗೆಗಳಲ್ಲೆಲ್ಲ ಶ್ರೇಷ್ಠವಾದ ಕೊಡುಗೆಯಾಗಿ ತನ್ನನ್ನೇ ಕೊಡುವರೆಂಬ ಅರ್ಥದ ಮಾತನ್ನು ಅಲ್ಲಿ ಕಂಡನೆಂದೂ ಸೋದರಿ ವಿವಿಯಾನ್ ಮುಂದೆ ತಿಳಿಸಿದರು. ಅದೇ ಬೆಳಿಗ್ಗೆ ಆತ ಇತರ ಚಾಲಕರೊಡನೆ ಕುಳಿತು, ಸುರಕ್ಷತೆಗಾಗಿ ಚಾಲಕರ ಸಂಘವನ್ನು ಮತ್ತೆ ಕಟ್ಟಬೇಕೆಂಬ ಮಾತುಕತೆ ನಡೆಸಿದ್ದ. ಅದೇ ವಾರಾಂತ್ಯದಲ್ಲಿ, ನಿವೃತ್ತನಾಗಿ ಫ್ರಾನ್ಸಿನ ದೂರದರ್ಶನದಲ್ಲಿ ವೀಕ್ಷಕ ವಿವರಣೆ ನೀಡುತ್ತಿದ್ದ ಹಳೆಯ ವೈರಿ ಪ್ರಾಸ್ಟ್‌ಗೆ, ಕಾರಿನೊಳಗಿಂದಲೇ ರೇಡಿಯೊ ಮೂಲಕ ಗೆಳೆಯನೆಂದು ಕರೆದು ವಂದನೆ ಹೇಳಿದ್ದ. ನೀನಿಲ್ಲದ ಕೊರತೆ ಕಾಡುತ್ತಿದೆ ಎಂದಿದ್ದ. ವೈರವನ್ನು ಕಳೆದು ರಾಜಿಯಾಗಲು ಆತನಿಗೆ ಉಳಿದಿದ್ದದ್ದು ಕೆಲವೇ ಗಂಟೆಗಳು. ಅದು ಆತನಿಗೆ ತಿಳಿದಿರಲಿಲ್ಲ.

ಮಧ್ಯಾಹ್ನ 2 ಗಂಟೆ 17 ನಿಮಿಷ. ಏಳನೆಯ ಸುತ್ತು, ತಂಬುರೆಲ್ಲೊ ಎಂಬ ತಿರುವು. ಕಾರು ತಿರುಗದೆ ನೇರವಾಗಿ ಗೋಡೆಗೆ ಹೋಯಿತು. ಟ್ರ್ಯಾಕಿನ ಪಕ್ಕದಲ್ಲಿ ಆತನಿಗೆ ಚಿಕಿತ್ಸೆ ನೀಡಿದ ವಾಟ್ಕಿನ್ಸ್, ಧಾರ್ಮಿಕನಲ್ಲದಿದ್ದರೂ ಆತನ ಆತ್ಮ ಹೊರಟುಹೋದ ಗಳಿಗೆಯನ್ನು ಅಲ್ಲೇ ಅರಿತಂತಾಯಿತೆಂದು ಮುಂದೆ ಬರೆದರು. ಬೊಲೊಞ್ಞಾ ನಗರದ ಆಸ್ಪತ್ರೆಯಲ್ಲಿ ಗುರುಗಳು ಅಭ್ಯಂಗನ ನೀಡಿದರು. ಸಂಜೆ 6 ಗಂಟೆ 40 ನಿಮಿಷಕ್ಕೆ ಮರಣವನ್ನು ಘೋಷಿಸಲಾಯಿತು. ನುಜ್ಜುಗುಜ್ಜಾದ ಕಾರಿನೊಳಗೆ ಮಡಿಸಿಟ್ಟ ಬಾವುಟವೊಂದು ಸಿಕ್ಕಿತು. ಅದು ಬ್ರೆಜಿಲ್ಲಿನದ್ದಲ್ಲ, ಆಸ್ಟ್ರಿಯದ್ದು. ಪಂದ್ಯ ಮುಗಿದ ಮೇಲೆ ಹಿಂದಿನ ದಿನ ಸತ್ತ ರಾಟ್ಸೆನ್‌ಬರ್ಗರ್‌ನ ಗೌರವಾರ್ಥ ಅದನ್ನು ಎತ್ತಿ ತೋರಬೇಕೆಂದಿದ್ದ.

ಸಂತ ಪೌಲರ ಆ ಅಧ್ಯಾಯವನ್ನು ಬಿಡುವಾದಾಗ ಮತ್ತೊಮ್ಮೆ ಓದಿ ನೋಡಿ. ಯಾವುದೂ ಅಗಲಿಸಲಾರದೆಂಬ ಮಾತಿಗೆ ಸ್ವಲ್ಪ ಮುಂಚೆ ಅವರು ಒಂದು ಪಟ್ಟಿ ಕೊಡುತ್ತಾರೆ: ಕಷ್ಟ, ಇಕ್ಕಟ್ಟು, ಹಿಂಸೆ, ಹಸಿವು, ಬಟ್ಟೆಯಿಲ್ಲದಿರುವಿಕೆ, ಗಂಡಾಂತರ, ಕತ್ತಿ. ಇವು ವಿಶ್ವಾಸಿಗೆ ಬರುವುದಿಲ್ಲವೆಂದು ಅವರು ಎಲ್ಲಿಯೂ ಹೇಳಲಿಲ್ಲ. ಬರುತ್ತವೆಂದೇ ಎಣಿಸಿದ್ದಾರೆ. ಪರಂಪರೆಯ ಪ್ರಕಾರ ಆ ಪಟ್ಟಿಯ ಕೊನೆಯದಾದ ಕತ್ತಿಯೇ ರೋಮಾಪುರಿಯಲ್ಲಿ ಅವರ ಪ್ರಾಣವನ್ನು ತೆಗೆದುಕೊಂಡಿತು. ಸುಜುಕಾದ ವಿಜಯೋತ್ಸಾಹದಲ್ಲಿ ಸೆನ್ನಾ ಆಡಿದ ಯಾವ ಮಾತನ್ನಾದರೂ ಮನೆಯವರು ಆ ಫಲಕದ ಮೇಲೆ ಕೆತ್ತಿಸಬಹುದಿತ್ತು. ಅವರು ಆರಿಸಿದ್ದು ಗೋಡೆಗೆ ಬಡಿದ ಮೇಲೂ ನಿಲ್ಲುವ ಮಾತನ್ನು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಬ್ರೆಜಿಲ್ ಮೂರು ದಿನ ಶೋಕವನ್ನಾಚರಿಸಿತು. ಮೇ 5ರಂದು ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಪ್ರಾಸ್ಟ್ ಕೂಡ ಒಬ್ಬನಾಗಿದ್ದ. ಬಡಮಕ್ಕಳಿಗಾಗಿ ಏನಾದರೂ ಮಾಡಬೇಕೆಂದು ಸೋದರನು ತನ್ನೊಡನೆ ಆಡಿದ್ದ ಮಾತನ್ನು ಹಿಡಿದು ವಿವಿಯಾನ್ ಅದೇ ನವೆಂಬರಿನಲ್ಲಿ ಆತನ ಹೆಸರಿನ ಸಂಸ್ಥೆಯೊಂದನ್ನು ಆರಂಭಿಸಿದರು. ಅದು ಬ್ರೆಜಿಲ್ಲಿನ ಶಾಲಾಮಕ್ಕಳ ಶಿಕ್ಷಣಕ್ಕಾಗಿ ದುಡಿಯಿತು. ಚಾಲಕರ ಸಂಘ ಆ ಮೇ ತಿಂಗಳಲ್ಲೇ ಮತ್ತೆ ಕಟ್ಟಲ್ಪಟ್ಟಿತು. ಟ್ರ್ಯಾಕುಗಳು ಬದಲಾದವು, ಕಾರುಗಳು ಬದಲಾದವು. 2014ರಲ್ಲಿ ಜಪಾನಿನಲ್ಲಿ ಗಾಯಗೊಂಡು ಮರುವರ್ಷ ತೀರಿಕೊಂಡ ಜೂಲ್ಸ್ ಬಿಯಾಂಕಿಯವರೆಗೆ, ಇಪ್ಪತ್ತು ವರ್ಷಗಳ ಕಾಲ ಫಾರ್ಮುಲಾ ಒನ್ ಪಂದ್ಯದಲ್ಲಿ ಯಾವ ಚಾಲಕನೂ ಪ್ರಾಣ ಕಳೆದುಕೊಳ್ಳಲಿಲ್ಲ.

ಇನ್ನು ರಾಟ್ಸೆನ್‌ಬರ್ಗರ್. ಅವನಿಗೆ 33 ವರ್ಷ. ವರ್ಷಗಟ್ಟಲೆ ಸಣ್ಣಪುಟ್ಟ ಪಂದ್ಯಗಳಲ್ಲಿ ಸುತ್ತಾಡಿ, ಐದೇ ಪಂದ್ಯಗಳಿಗೆ ಸಾಲುವಷ್ಟು ಹಣ ಹೊಂದಿಸಿಕೊಂಡು ಫಾರ್ಮುಲಾ ಒನ್‌ಗೆ ಬಂದವನು. ಇಮೊಲಾ ಅವನ ಮೂರನೆಯದು. ಲೋಕದ ಕಣ್ಣೆಲ್ಲ ಸಾವೊ ಪೌಲೊ ಕಡೆಗಿದ್ದಾಗ ಮೇ 7ರಂದು ಅವನ ಹುಟ್ಟೂರಾದ ಸಾಲ್ಜ್‌ಬರ್ಗ್‌ನಲ್ಲಿ ಅಂತ್ಯಸಂಸ್ಕಾರ ನಡೆಯಿತು. ಅಂತರರಾಷ್ಟ್ರೀಯ ಮೋಟಾರು ಒಕ್ಕೂಟದ ಅಧ್ಯಕ್ಷರಾಗಿದ್ದ ಮ್ಯಾಕ್ಸ್ ಮೋಸ್ಲಿ ಸೆನ್ನಾನ ಅಂತ್ಯಸಂಸ್ಕಾರಕ್ಕೆ ಹೋಗದೆ ಇಲ್ಲಿಗೆ ಬಂದರು. ಎಲ್ಲರೂ ಸೆನ್ನಾನ ಬಳಿಗೆ ಹೋಗಿದ್ದರು, ಇವನ ಬಳಿಗೂ ಯಾರಾದರೂ ಹೋಗಬೇಕಿತ್ತು ಎಂದು ಅವರು ಆಮೇಲೆ ಕಾರಣ ಕೊಟ್ಟರು.